ಚಕ್ಕುಬಂದಿ

ಪೂರ್ವಕ್ಕೆ: ಮೇಜಿಗೆ ಉಜ್ಜಿ ಉಜ್ಜಿ ಕಪ್ಪಾದ
ಕಿರುಬೆರಳ ಪಕ್ಕದ ಎಲುಬು.
ಪಶ್ಚಿಮಕ್ಕೆ: ಹೆಬ್ಬೆರಳ ಬುಡ.
ಉತ್ತರಕ್ಕೆ: ಕ್ಲಿಕ್ಕಿನ ಬೆರಳು.
ದಕ್ಷಿಣಕ್ಕೆ: ಮೊಣಕೈವರೆಗೆ ಹೋಗಿ ಬರುವ ದಾರಿ,
ರಾತ್ರಿ ಹೊತ್ತು ಮಾತ್ರ.
ಈ ಮಧ್ಯೆ ಇರುವ ನೋವು ನನ್ನ ಸ್ವಯಾರ್ಜಿತ.
ಇದರ ಮೇಲೆ ಯಾರ ತಂಟೆ ತಕರಾರೂ ಇರುವುದಿಲ್ಲ.

ಹತ್ತೊಂಬತ್ತು ವರ್ಷ, ಚಿಂತಾಮಣಿ ತಾಲ್ಲೂಕು ಕಚೇರಿ ಎದುರು,
ಝೆರಾಕ್ಸ್ ಮಿಷನ್ನಿನ ಬಿಸಿ ಉಸಿರಿನ ಪಕ್ಕ
ಕ್ರಯಪತ್ರ, ಭಾಗಪತ್ರ, ದಾನಪತ್ರ, ಉಯಿಲು.
ಅಣ್ಣತಮ್ಮಂದಿರ ನಡುವೆ ಗೆರೆ ಎಳೆದ ಕೈ ಇದು,
ಗುಂಟೆಗೊಂದು ಕ್ಲಿಕ್ಕು.
ಈಗ ನೀರಿನ ಚೊಂಬು ಎತ್ತುವಾಗ
ಬೆರಳೆಲ್ಲ ಜೋಮು ಹಿಡಿದು
ಯಾರದೋ ಕೈ ತಂದು ಅಂಟಿಸಿದ ಹಾಗೆ.

ಮೂಳೆ ಡಾಕ್ಟರು ಮಣಿಕಟ್ಟನ್ನು ಬಗ್ಗಿಸಿ ನೋಡಿದರು:
ನರ ಅಲ್ಲಿ ನಲುಗ್ತಾ ಇದೆ, ಕೆಲಸ ಬಿಡಿ.
ನಾನು ಸುಮ್ಮನೆ ಅವರ ಮುಖ ನೋಡಿದೆ.
ಹೋಗಲಿ, ಮೌಸಾದರೂ ಬದಲಾಯಿಸಿ ಅಂದರು.

ಜೋಡಿ ರಸ್ತೆಯ ಫೈರೋಜ್ ಅಂಗಡಿಯಲ್ಲಿ
ಗಾಜಿನ ಮೇಲೆ ಒಂದೊಂದಾಗಿ ಇಳಿಸಿಟ್ಟ.
ಒಂದು, ಬೆನ್ನುಬ್ಬಿದ ಆಮೆ. ಕೈಯಿಟ್ಟರೆ ಅದೇ ಹಳೇ ಭಂಗಿ.
ಇನ್ನೊಂದಕ್ಕೆ ಪಕ್ಕೆಯಲ್ಲಿ ನೆಲ್ಲಿಕಾಯಿ ಗಾತ್ರದ ಗುಂಡು,
ಗೋಲಿ ಆಡಿದ ಹಾಗೆ ಹೆಬ್ಬೆರಳಲ್ಲೇ ಉರುಳಿಸಬೇಕಂತೆ;
ನನ್ನ ಪಶ್ಚಿಮ ಗಡಿ ಅದೇ ಅಲ್ಲವೇನಪ್ಪಾ?
ಮೂರನೆಯದು ನೆಟ್ಟಗೆ ನಿಂತಿತ್ತು,
ಕೈಕುಲುಕಲು ಯಾರೋ ಮುಂದೆ ಚಾಚಿದಂತೆ.

ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈ ಕುಲುಕಿದವರಿಲ್ಲ.
ನೋಟು ಮೇಜಿನ ಮೇಲಿಟ್ಟು
ಕಾಗದ ಎತ್ತಿಕೊಂಡು ಹೋಗುತ್ತಾರೆ.
ನಾಚುತ್ತ ಹಿಡಿದೆ.
ಬೆರಳು ತುದಿ ಮುಟ್ಟಲಿಲ್ಲ. ದೊಡ್ಡ ಕೈಯ ಅಳತೆ.
ಸಾವಿರದ ಎಂಟುನೂರು:
ಪುಟಕ್ಕೆ ಮೂವತ್ತರಂತೆ ಅರವತ್ತು ಪುಟ,
ಈ ಕೈಯನ್ನು ಉಳಿಸಲು
ಇದೇ ಕೈ ಹೊಡೆಯಬೇಕಾದ ಅರವತ್ತು.

ಚಿಕ್ಕದಿಲ್ವಾ?
ಮೂಲೆಯಿಂದ ಹರಿದ ಡಬ್ಬಿ ತೆಗೆದ.
"ಎಡಗೈದು ಅಕ್ಕಾ, ತಪ್ಪಾಗಿ ಬಂದಿರೋದು.
ಯಾರಿಗೂ ಬೇಡ. ಆರುನೂರು ಕೊಡಿ ಸಾಕು."

ತಪ್ಪಾಗಿ ಬಂದಿರೋದು.
ಮಾತು ನನಗಿಂತ ಮೊದಲು ಎಡಗೈಗೆ ಕೇಳಿಸಿತು.
ಎರಡನೇ ಕ್ಲಾಸಿನಲ್ಲಿ ಬಳಪ ಅದರಲ್ಲೇ ಇತ್ತು,
ರತ್ನಾಬಾಯಿ ಟೀಚರ ಸ್ಕೇಲು ಅಡ್ಡಡ್ಡ ಬೀಳುವವರೆಗೆ.
ಅಜ್ಜಿ ಅದನ್ನು ಲಂಗದ ಲಾಡಿಗೆ ಕಟ್ಟಿ
ಊಟಕ್ಕೆ ಕೂರಿಸಿ
ಬಲಗೈಗೆ ಮುದ್ದೆ ಮುರಿಯಲು ಕಲಿಸಿದ್ದಳು.
ನಲವತ್ತು ವರ್ಷ ಅದು ಕಾಗದ ಒತ್ತಿ ಹಿಡಿಯುವ ಕೆಲಸ ಮಾಡಿತು,
ಬರೆಯುವವರ ಪಕ್ಕದಲ್ಲಿ.

ಡಬ್ಬಿಯಲ್ಲಿ ಕೈಯಿಟ್ಟೆ.
ಹೆಬ್ಬೆರಳಿಗೆ ಒಂದು ತಗ್ಗು, ಉಳಿದವಕ್ಕೆ ಒಂದು ಇಳಿಜಾರು.
ಅಳತೆ ಕೊಟ್ಟು ಹೊಲಿಸಿದ ರವಿಕೆ ಕೂಡ
ಹೀಗೆ ಕೂತದ್ದಿಲ್ಲ.

ಮೊದಲ ವಾರ ಪರದೆಯ ಮೇಲೆ ಬಾಣ
ಕುಡಿದವನಂತೆ ತೂರಾಡಿ
ಸರ್ವೆ ನಂಬರಿಗೆ ಹೋಗಿ ಬಡಿಯಿತು.
ಕುರುಟಹಳ್ಳಿಯವರ ಭಾಗಪತ್ರದಲ್ಲಿ
ಒಬ್ಬ ತಮ್ಮನೇ ಅಳಿಸಿಹೋಗಿದ್ದ, ಮತ್ತೆ ಸೇರಿಸಿದೆ.
ಎದುರು ಕೂತ ಚೌಡರೆಡ್ಡಿ ಹುಬ್ಬೇರಿಸಿದರು:
"ಏಮ್ಮಾ, ಎಡಗೈಲಿ ಮಾಡಿದ ಪತ್ರ
ಕೋರ್ಟಲ್ಲಿ ನಿಲ್ಲುತ್ತಾ?"
"ಕೆಳಗೆ ನೀವು ಒತ್ತೋದು
ಎಡಗೈ ಹೆಬ್ಬೆಟ್ಟೇ ಅಲ್ವಾ ರೆಡ್ಡಿಗಾರೂ?"
ಅವರು ತಮ್ಮ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು,
ಶಾಯಿ ಇನ್ನೂ ಇಲ್ಲದ್ದನ್ನು.

ನೋವು ಹೋಗಿಲ್ಲ. ಹೋಗುತ್ತೆ ಅಂತ
ಡಬ್ಬಿಯ ಮೇಲೂ ಬರೆದಿರಲಿಲ್ಲ.
ರಾತ್ರಿ ಮೊಣಕೈಗೆ ಬರುತ್ತಿದ್ದದ್ದು
ಈಗೀಗ ಮಣಿಕಟ್ಟಿನಿಂದಲೇ ವಾಪಸಾಗುತ್ತದೆ.
ದಕ್ಷಿಣದ ಗಡಿ ಒಂದು ಮೊಳ ಒಳಗೆ ಬಂದಿದೆ;
ಪೂರ್ವಕ್ಕೀಗ ಹೆಬ್ಬೆರಳು, ಪಶ್ಚಿಮಕ್ಕೆ ಕಿರುಬೆರಳು,
ಹೊಸ ಕೈ, ಹೊಸ ಖಾತೆ.

ಪುಟಕ್ಕೆ ಹಿಡಿವ ಹೊತ್ತು ಎರಡರಷ್ಟು.
ಕಾಯುವವರು ಚಹಾ ಕುಡಿದು ಬರುತ್ತಾರೆ.
ಬಲಗೈ ಮಡಿಲಲ್ಲಿ ಅಂಗಾತ ಮಲಗಿ
ಎಡಗೈ ತಡವರಿಸುವುದನ್ನು ನೋಡುತ್ತಿದೆ.
ಆಗಾಗ ಎದ್ದು ನೆರವಿಗೆ ಹೊರಡುತ್ತದೆ.
ಬೇಡ, ಕೂತಿರು ಅನ್ನುತ್ತೇನೆ.
ಲಾಡಿ ಏನೂ ಕಟ್ಟಿಲ್ಲ.