ಒಳಗೆ ಬಿಡುವ ಬಟ್ಟೆ

ಬದ್ಲಾಪುರದಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು
ಸೈಟಿಗೆ ಹೋದಾಗ ನನ್ನ ಕುತ್ತಿಗೆಯಲ್ಲಿ
ಟೇಪು ಹಾಗೇ ನೇತಾಡುತ್ತಿತ್ತು. ತೆಗೆದಿಡಲು ಮರೆತಿದ್ದೆ.
ಸ್ಯಾಂಪಲ್ ಫ್ಲ್ಯಾಟು ತೋರಿಸುವ ಹುಡುಗ ಮಾಂಜ್ರೇಕರ್
ನೋಡಿ ನಕ್ಕ: "ಮಾವ್ಶಿ, ಅಳತೆಯೆಲ್ಲ ಬ್ರೋಶರಿನಲ್ಲಿದೆ."

ಮುನ್ನೂರ ಇಪ್ಪತ್ತೆಂಟು ಚದರಡಿ, ರೇರಾ ಕಾರ್ಪೆಟ್.
ಮೂವತ್ತೊಂದು ಲಕ್ಷ. ಅಸ್ತರ್ ಬ್ಲೌಸಿಗೆ ನನಗೆ ಮುನ್ನೂರು.
ಭಾಗಾಕಾರ ಮಾಡಲು ಹೋಗಲಿಲ್ಲ.

ಒಳಗೆ ಬಾಗಿಲುಗಳೇ ಇರಲಿಲ್ಲ, ಬರೀ ಚೌಕಟ್ಟು.
ಬಾಗಿಲಿಲ್ಲದ ಮನೆ ಎಷ್ಟು ಅಗಲ!
ಮಂಚದ ಮೇಲೆ ನಾಲ್ಕು ಬಿಳಿ ದಿಂಬು, ಮೇಜಿನ ಮೇಲೆ ಮೇಣದ ಸೇಬು.
ನನ್ನ ಕೈ ಸುಮ್ಮನಿರುವ ಪೈಕಿಯಲ್ಲ;
ಮಂಚದ ತಲೆಗೆ ಟೇಪು ಹಚ್ಚಿದೆ.
ಅರವತ್ತು ಇಂಚಿಗೆ ಟೇಪು ಮುಗಿಯಿತು,
ಇನ್ನು ಮೂರು ಬೆರಳಿಗೆ ಮಂಚವೂ.
ನಮ್ಮವರಿಗೆ ಐದಡಿ ಒಂಬತ್ತು. ಬಸ್ಸಿನ ಕಂಬಿಗೆ
ತಲೆ ತಾಗಿಸುತ್ತಲೇ ಇಪ್ಪತ್ತಾರು ವರ್ಷ ಟಿಕೆಟು ಹರಿದವರು.
ಆ ಬಡಗಿಗೆ ಯಾರ ಅಳತೆ ಕೊಟ್ಟಿದ್ದರೋ!

ಅಷ್ಟರಲ್ಲಿ ಮುಲುಂಡಿನ ಹಲ್ಲಿನ ಡಾಕ್ಟರೊಬ್ಬರು ಬಂದರು.
ಬಾಯೊಳಗೆ ಇಣುಕುವ ಹಾಗೆ ಹೊಸ್ತಿಲಲ್ಲೇ ನಿಂತು
ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿ "ಮೂರು" ಎಂದರು.
ಬಾಡಿಗೆ ಎಂಟೂವರೆ ಬರುತ್ತದಾ? ಮೆಟ್ರೋ ಬರುತ್ತದಾ?
ಬಂದು ಇರುವವರು ಯಾರೆಂದು ಕೇಳಲಿಲ್ಲ.
ಒಳ್ಳೆಯ ಮನುಷ್ಯ; ನನ್ನ ಟೇಪು ನೋಡಿ
"ನೀವು ಇರುವುದಕ್ಕೇ ತಗೊಳ್ತಿದ್ದೀರಾ?" ಎಂದರು,
ಇರುವುದೂ ಒಂದು ಕಾಯಿಲೆಯೇನೋ ಎಂಬಂತೆ, ಮೆತ್ತಗೆ.

ಬ್ಲೌಸಿನ ಪಕ್ಕದಲ್ಲಿ ನಾನು ಒಂದೂವರೆ ಇಂಚು ಒಳಗೆ ಬಿಡುತ್ತೇನೆ.
ಮದುವೆಯಾಗುತ್ತಾರೆ, ಹೆರುತ್ತಾರೆ, ಥೈರಾಯ್ಡ್ ಬರುತ್ತದೆ;
ದಾರ ಬಿಚ್ಚಿದರೆ ಬಟ್ಟೆ ಅಲ್ಲೇ ಕಾದಿರುತ್ತದೆ.
ಶಾಲೆಯ ಯೂನಿಫಾರ್ಮಿಗಂತೂ ಎರಡು ಮಡಿಕೆ.
ರೈಲಿನಲ್ಲಿ ಆ ನಕ್ಷೆಯನ್ನು ತಿರುಗಿಸಿ ನೋಡಿದೆ, ಮಗುಚಿ ನೋಡಿದೆ.
ಎಲ್ಲಿಯೂ ಬಿಟ್ಟಿಲ್ಲ.

ರಾತ್ರಿ ಭಾಂಡೂಪಿನ ಚಾಳಿನ ಟೆರೇಸಿನಲ್ಲಿ
ಗುರುತು ಹಾಕುವ ನೀಲಿ ಚಾಕ್‌ಪೀಸು ಹಿಡಿದು
ಇಡೀ ಫ್ಲ್ಯಾಟು ಬರೆದೆ, ಅಡಿಗೆ ಅಡಿ.
ಮಾಂಜ್ರೇಕರ್ ತೋರಿಸದ ಬಾಗಿಲುಗಳನ್ನೂ ಬರೆದೆ,
ತೆರೆದರೆ ಎಲ್ಲಿಯವರೆಗೆ ಬರುತ್ತವೆಂದು ಕಮಾನು ಸಮೇತ.
ಬಚ್ಚಲ ಬಾಗಿಲು ಫ್ರಿಜ್ಜಿಗೆ ಬಡಿಯಿತು.
ಅತ್ತೆ ಅಡುಗೆಮನೆಯಲ್ಲಿ ಕೂತ ಮೇಲೆ ನನಗೆ ಜಾಗವಿಲ್ಲ,
ಹಾಲಿನಲ್ಲಿ ನಿಂತು ಕೈ ಚಾಚಿ ಒಗ್ಗರಣೆ ಹಾಕಿದೆ.
"ನನ್ನದೆಲ್ಲಿ?" ಎಂದಳು ಮಗಳು ಶ್ರಾವ್ಯಾ. ಕಿಟಕಿ ಕೊಟ್ಟೆ.
ಕಿಟಕಿ ತಗೊಂಡು ಏನು ಮಾಡಲಿ ಎಂದಳು.
ಹೊಲಿಗೆ ಮಷಿನು?
ಅದನ್ನು ಬರೆಯಲು ನಾನೇ ಮರೆತಿದ್ದೆ.

ನಮ್ಮವರು ಬೆಡ್‌ರೂಮಿನಲ್ಲಿ ಮಲಗಿ ನೋಡಿದರು.
"ಓರೆಯಾಗಿ ಮಲಗಿದರೆ ಸರಿಹೋಗ್ತದೆ ಮಾರಾಯ್ತಿ,"
ಪಾದ ಎರಡೂ ಡಾಕ್ಟರ ಫ್ಲ್ಯಾಟಿನಲ್ಲಿ.

ಅತ್ತೆ ಮಾತ್ರ ಎದ್ದು, ಮಂಚದ ಗೆರೆಯಿಂದ
ಸಂಡಾಸಿನ ಗೆರೆಗೆ ನಡೆದರು. ಮತ್ತೆ ನಡೆದರು.
ಆರು ಹೆಜ್ಜೆ. ಟಾರ್ಚಿಲ್ಲ, ಡಬ್ಬವಿಲ್ಲ, ಸಾಲಿಲ್ಲ.
ಮೂರನೆಯ ಸಲ ನಡೆಯುವಾಗ ಅವರ ಮುಖ
ನಾನು ನೋಡಬಾರದಿತ್ತು.
ನಾಳೆ ಟೋಕನ್ ಕಟ್ಟೋಣ ಎಂದರು ನಮ್ಮವರು, ಮಲಗಿದಲ್ಲಿಂದಲೇ.

ಬೆಳಿಗ್ಗೆ ಮೇಲೆ ಹೋದರೆ ತಾಂಬೋಳಿಯವರ ಮಕ್ಕಳು
ನನ್ನ ಗೆರೆಗಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು.
ಬಿಲ್ಲೆ ಅಡುಗೆಮನೆಯಲ್ಲಿ ಬಿದ್ದಿತ್ತು. ಚಿಕ್ಕವಳು
ಮುಂಬಾಗಿಲಿನಿಂದ ಒಂದೇ ಕಾಲಲ್ಲಿ
ಎರಡು ಸಲ ಹಾರಿದಳು, ಬಗ್ಗಿ ಎತ್ತಿಕೊಂಡಳು.
ಗೆರೆ ಮೆಟ್ಟಲಿಲ್ಲ.