ಅದೇ ಮಾತು, ಗಟ್ಟಿಯಾಗಿ

ಅರವತ್ತೇಳನೆಯ ದಿನ
ಪೈಪ್ಸಿ ಸರೋವರದ ಪೆಟ್ಟಿಗೆ ಮಾತು ನಿಲ್ಲಿಸಿತು.
ನಾಲ್ಕು ಚಳಿಗಾಲ ಬಾಳಬೇಕಿದ್ದ ಬ್ಯಾಟರಿ ಅದು,
ಅರ್ಧ ಹೆಬ್ಬೆರಳಿನಷ್ಟು.
ಮಂಜುಗಡ್ಡೆ ಎಷ್ಟು ದಪ್ಪ ಎಂದು ಗಂಟೆಗೊಮ್ಮೆ ಹೇಳುವುದು,
ಮತ್ತೆ ಮಲಗುವುದು.
ಬೇರೆ ಕೆಲಸವಿಲ್ಲ.

ಟಾರ್ಟುವಿನಿಂದ ಬಸ್ಸು ಹಿಡಿದು ಬಂದೆ,
ತೊಡೆಯ ಮೇಲೆ ಮೀಟರು, ಚೀಲದಲ್ಲಿ ಬೆಸುಗೆಯ ಕಡ್ಡಿ.
ಮೀನುಗಾರ ನಿಕಾಂದ್ರ್ ಅಷ್ಟರೊಳಗೆ
ಪೆಟ್ಟಿಗೆಯನ್ನು ಜಾರುಬಂಡಿಯಲ್ಲಿ ಎಳೆದು ತಂದು
ಒಲೆಯ ಪಕ್ಕ ಇಟ್ಟಿದ್ದ,
ನಡುಗುವ ಕುರಿಮರಿಯನ್ನು ಇಡುವ ಹಾಗೆ.
ತೊಲೆಯಿಂದ ಈರುಳ್ಳಿಯ ಜಡೆಗಳು ಇಳಿಬಿದ್ದಿದ್ದವು.

"ಸತ್ತಿತೇ?" ಎಂದ.
ನನ್ನ ರಷ್ಯನ್ ಶಾಲೆಯಲ್ಲಿ ಕಲಿತದ್ದು, ಕುಂಟುತ್ತದೆ.
ಅವನ ಒಂದು ಕಿವಿ ದೋಣಿಯ ಎಂಜಿನ್ನಿಗೆ ಹೋಗಿದೆ,
ಇನ್ನೊಂದು ಯಂತ್ರದ ಆಸರೆಯಲ್ಲಿದೆ.
ನಾನು ಹೇಳಿದ್ದನ್ನೆಲ್ಲ ಅವನ ಅತ್ತಿಗೆ ಪ್ರಸ್ಕೋವ್ಯಾ
ಒಂದಕ್ಷರ ಬದಲಿಸದೆ, ನನ್ನ ತಪ್ಪು ವ್ಯಾಕರಣದ ಸಮೇತ,
ಗಟ್ಟಿಯಾಗಿ ಕೂಗುತ್ತಾಳೆ.
ಆಗ ಅವನಿಗೆ ತಿಳಿಯುತ್ತದೆ.

ಪೆಟ್ಟಿಗೆಯೊಳಗೂ ಇಂಥ ಇಬ್ಬರಿದ್ದಾರೆ.
ಒಂದು ಪಾಯಿಂಟ್ ಎಂಟು ವೋಲ್ಟಿನಲ್ಲಿ
ಪಿಸುಗುಡುವ ಮೈಕ್ರೋಕಂಟ್ರೋಲರ್ ಒಬ್ಬ.
ಮಂಜು ಅಳೆಯುವ ಚಿಪ್ ಇನ್ನೊಬ್ಬ,
ಮೂರು ಪಾಯಿಂಟ್ ಮೂರರಲ್ಲಿ ಬಾಳುವವನು;
ಎರಡು ವೋಲ್ಟಿನ ಒಳಗಿನದು ಅವನಿಗೆ ಮಾತೇ ಅಲ್ಲ.
ನಡುವೆ ಎಳ್ಳುಕಾಳಿನಷ್ಟು ಮಾಸ್‌ಫೆಟ್,
ತಂತಿಯನ್ನು ಮೇಲಕ್ಕೆ ಎಳೆದು ಹಿಡಿಯಲು
ಅತ್ತೊಂದು ಇತ್ತೊಂದು ರೆಸಿಸ್ಟರ್.
ಇದು ಅನುವಾದವಲ್ಲ.
ಸೊನ್ನೆ ಸೊನ್ನೆಯಾಗಿಯೇ ದಾಟುತ್ತದೆ, ಒಂದು ಒಂದಾಗಿಯೇ.
ಎತ್ತರ ಮಾತ್ರ ಬೇರೆ.

ಮೀಟರು ಹಚ್ಚಿದೆ.
ಮಲಗಿದಾಗ ಎರಡು ಮೈಕ್ರೋಆಂಪ್ ಇರಬೇಕು.
ಏಳುನೂರ ನಲವತ್ತು.
ಮೀಟರಿನದೇ ತಪ್ಪೆಂದು ಬೈದು ಮತ್ತೆ ಹಚ್ಚಿದೆ.
ಏಳುನೂರ ನಲವತ್ತು.
ಹನಿಗೂಡಿ ಹಳ್ಳ ಎನ್ನುತ್ತಾರೆ;
ಹಳ್ಳ ಬರಿದಾಗುವುದೂ ಹನಿಯಿಂದಲೇ.
ಆದರೆ ಸೋರುವುದೆಲ್ಲಿ?
ಕೆಲಸ ಮುಗಿದೊಡನೆ ಆ ದೊಡ್ಡ ದನಿಯವನ ಅನ್ನವನ್ನು
ಸ್ವಿಚ್ಚಿನಲ್ಲಿ ಕಡಿದುಹಾಕಿದವಳು ನಾನೇ.
ಅವನು ಸತ್ತಂತೆ ಬಿದ್ದಿರಬೇಕು.
ಮುಟ್ಟಿ ನೋಡಿದರೆ ಅರೆಜೀವ:
ಎಲ್ಲಿಂದಲೋ ಉಣ್ಣುತ್ತಿದ್ದಾನೆ.

ರಾತ್ರಿ ಹನ್ನೊಂದಕ್ಕೆ ನಿಕಾಂದ್ರ್
ಕಿವಿಯ ಯಂತ್ರ ತೆಗೆದು ತಟ್ಟೆಯಲ್ಲಿಟ್ಟ.
ಅಷ್ಟಕ್ಕೇ ಬಿಡಲಿಲ್ಲ;
ಉಗುರಿನಿಂದ ಅದರ ಗುಂಡುಸೂಜಿಯಂಥ ಬಾಗಿಲು ಎಬ್ಬಿಸಿ
ಬ್ಯಾಟರಿಯನ್ನು ಹೊರಗೆ ಒರಗಿಸಿದ.
"ಅದೇಕೆ?" ಎಂದೆ.
"ಅದೇಕೆ?" ಎಂದು ಪ್ರಸ್ಕೋವ್ಯಾ ಕೂಗಿದಳು.
"ನಾನು ಮಲಗಿದ ಮೇಲೆ
ಅದು ಯಾರ ಮಾತು ಕೇಳಬೇಕಾಗಿದೆ?"

ಈರುಳ್ಳಿ ಜಡೆಗಳನ್ನು ನೋಡುತ್ತ ಕೂತೆ, ಬಹಳ ಹೊತ್ತು.
ಕೇಳುವವನನ್ನು ಮಲಗಿಸಿದ್ದೆ,
ಎಳೆಯುವ ಕೈಯನ್ನು ಎಚ್ಚರವೇ ಬಿಟ್ಟಿದ್ದೆ.
ಎತ್ತು ಏರಿಗೆಳೆದರೆ ಕೋಣ ನೀರಿಗೆ:
ಎರಡೂ ಬದಿಯ ರೆಸಿಸ್ಟರ್ ತಂತಿಯನ್ನು ಮೇಲಕ್ಕೆ ಜಗ್ಗುತ್ತಿದ್ದರೆ
ಆರಿದ ಚಿಪ್ ಕಾವಲಿನ ಡಯೋಡನ್ನೇ ಹಿಂಬಾಗಿಲು ಮಾಡಿಕೊಂಡು
ಅದೇ ತಂತಿಯಿಂದ ಹೀರುತ್ತಿತ್ತು,
ಮಾತಿನ ದಾರಿಯಲ್ಲಿ ಅನ್ನ ಕದಿಯುತ್ತಿತ್ತು,
ಅರವತ್ತೇಳು ದಿನ, ಕತ್ತಲಲ್ಲಿ, ನೀರಿನ ಮೇಲೆ.

ಮೀನು ಸೀಳುವ ಚಾಕು ಇಸಿದುಕೊಂಡು
ತಾಮ್ರದ ಗೆರೆಯೊಂದನ್ನು ಕೊಯ್ದೆ.
ಕೂದಲಂಥ ತಂತಿ ಬೆಸೆದೆ:
ಆಚೆ ಎಳೆಯುವವನು ಚಿಪ್ಪಿನ ಜೊತೆಗೇ
ಒಂದೇ ಸ್ವಿಚ್ಚಿನಡಿ ಮಲಗಲಿ,
ಈಚೆಯವನಿಗೆ ಕಂಟ್ರೋಲರಿನ ಖಾಲಿ ಕಾಲೊಂದು ಸಾಕು.
ರಾಳದ ಹೊಗೆಗೆ ಪ್ರಸ್ಕೋವ್ಯಾ ಕೆಮ್ಮಿ ಕಿಟಕಿ ತೆರೆದಳು.
ಎರಡು ಪಾಯಿಂಟ್ ಒಂದು.
ಆ ಕೊನೆಯ ಒಂದು ಎಲ್ಲಿಯದೆಂದು
ನನಗೆ ಇಂದಿಗೂ ಗೊತ್ತಿಲ್ಲ.

ಬೆಳಿಗ್ಗೆ ಪೆಟ್ಟಿಗೆ ಮರಳಿ ಮಂಜಿನ ಮೇಲೆ ಕೂತು
ನಲವತ್ತೊಂದು ಸೆಂಟಿಮೀಟರ್ ಎಂದಿತು.
ನಿಕಾಂದ್ರ್ ನಂಬಲಿಲ್ಲ.
ಹಾರೆಯಿಂದ ತೂತು ಕೊರೆದು, ಕೈ ಇಳಿಸಿ ಅಳೆದ.
"ನಲವತ್ತು," ಎಂದ, ಗೆದ್ದವನಂತೆ.
ದಡದಲ್ಲಿ ಪ್ರಸ್ಕೋವ್ಯಾ ಏನೋ ಕೂಗುತ್ತಿದ್ದಳು.
ಅಷ್ಟು ದೂರಕ್ಕೆ ಮಾತು ಬರಲಿಲ್ಲ,
ದನಿ ಬಂತು.