ಒಂದನೇ ನಂಬರಿನ ಕ್ಯಾಪ್ಸೂಲು

ಈ ಕಸುಬಿನಲ್ಲಿ ಲೆಕ್ಕ ತಿರುಗುಮುರುಗು:
ಐದನೇ ನಂಬರಿನ ಕ್ಯಾಪ್ಸೂಲು ಹುಣಸೆಬೀಜಕ್ಕಿಂತ ಸಣ್ಣದು,
ಒಂದನೆಯದು ದೊಡ್ಡದು, ಸೊನ್ನೆ ಅದಕ್ಕಿಂತ,
ಮೂರು ಸೊನ್ನೆಯದನ್ನು ನುಂಗಲು
ಕುದುರೆಯ ಗಂಟಲೇ ಬೇಕು.
ಸೊನ್ನೆಗೆ ಬೆಲೆಯಿಲ್ಲವೆಂದ ನಮ್ಮ ಗಣಿತದ ಮೇಷ್ಟ್ರು
ಬ್ರೋಕನ್ ಹಿಲ್ಲಿಗೆ ಬಂದು ನೋಡಬೇಕಿತ್ತು.

ಆರ್ಜೆಂಟ್ ಬೀದಿಯ ಅಂಗಡಿ, ಹಿಂದಿನ ಕೋಣೆ.
ಕಿಟಕಿಯ ಕಟ್ಟೆ ದಿನಕ್ಕೆರಡು ಸಲ ಒರೆಸುತ್ತೇನೆ;
ಗಣಿಯೂರಿನ ಧೂಳಲ್ಲಿ ಸೀಸ,
ನನ್ನ ತಕ್ಕಡಿಯೋ ಉಸಿರು ತಾಗಿದರೂ ಸುಳ್ಳಾಡುತ್ತದೆ.
ಜನವರಿಯ ಒಣಹವೆಗೆ ಜೆಲಟಿನ್ ಚಿಪ್ಪು
ಹಪ್ಪಳದ ಹಾಗೆ ಚಟ್ಟೆನ್ನುತ್ತದೆ.

ಮರ್ವ್ ಟ್ರೆಜೈಸ್, ಎಪ್ಪತ್ತಮೂರು.
ಹತ್ತೊಂಬತ್ತು ವರ್ಷದಿಂದ ನಿದ್ದೆಮಾತ್ರೆ,
ಸುರಂಗದಲ್ಲಿ ಜೊತೆಯವನ ಹೆಲ್ಮೆಟ್ಟು ಮಾತ್ರ ಸಿಕ್ಕ ವಾರದಿಂದ.
ಬಿಡಿಸಬೇಕು, ಮೆಲ್ಲಗೆ, ಎಂದು ಡಾಕ್ಟರು ಬರೆದರು:
ಹತ್ತು ಮಿಲಿಗ್ರಾಂ, ಎಂಟೂವರೆ, ಏಳು...
"ಯಾವ ಸೀಸೆಯಲ್ಲಿ ಎಷ್ಟು ಅಂತ ಹೇಳಬೇಡ,
ಎಲ್ಲ ಮುಗಿದ ಮೇಲೆ ಹೇಳು," ಅಂದರು ಮರ್ವ್.
ಮೂವರೂ ಸಹಿ ಹಾಕಿದೆವು.

ಮದ್ದು ಚಿಟಿಕೆ. ಅಷ್ಟೇ ತೂಕದ ಹಾಲುಸಕ್ಕರೆ ಅದಕ್ಕೆ,
ಅರೆದು, ಆದದ್ದಕ್ಕೆ ಮತ್ತೆ ಅಷ್ಟೇ,
ಮತ್ತೆ ಅದರಷ್ಟು. ಅವಸರಪಟ್ಟರೆ
ಸೋಮವಾರಕ್ಕೆ ಎರಡು ರಾತ್ರಿಯ ನಿದ್ದೆ,
ಮಂಗಳವಾರಕ್ಕೆ ಒಂದೂ ಇಲ್ಲ.
ನೂರು ಕುಳಿಯ ಹಲಗೆಗೆ ಪುಡಿ ಸುರಿದು
ಪ್ಲಾಸ್ಟಿಕ್ ಪಟ್ಟಿಯಲ್ಲಿ ಅತ್ತ ಇತ್ತ ಎಳೆಯುವಾಗ
ಅಳಗುಳಿಮಣೆ ನೆನಪಾಗುತ್ತದೆ,
ಸೋದರತ್ತೆ ಮಾತಾಡುತ್ತಲೇ ಬೀಜ ಕದಿಯುತ್ತಿದ್ದದ್ದೂ.
ಇಲ್ಲಿ ಕದಿಯುವವಳು ನಾನೇ:
ತಿಂಗಳಿಗಿಷ್ಟು ಮದ್ದು ತೆಗೆದು
ಆ ಜಾಗಕ್ಕೆ ಸಕ್ಕರೆ ಇಟ್ಟೆ.
ಕೊಡ ತುಂಬಿಯೇ ಇರಬೇಕು, ತುಳುಕಬಾರದು;
ಕಿವಿಯ ಬಳಿ ಅಲ್ಲಾಡಿಸಿ ನೋಡುವ ಮನುಷ್ಯ ಅವರು,
ಬಂಡೆ ಬಡಿದು, ಪೊಳ್ಳೋ ಗಟ್ಟಿಯೋ ಕೇಳಿಸಿಕೊಂಡು ಬದುಕಿದವರು.

ಸೆಪ್ಟೆಂಬರಿನ ಸೀಸೆಯಲ್ಲಿ ಬರೀ ಹಾಲುಸಕ್ಕರೆ.
ತಿಂಗಳ ಕೊನೆಗೆ ಬಂದರು, ಉಳಿದೆರಡು ಕ್ಯಾಪ್ಸೂಲಿನ ಜೊತೆ
ಒಂದು ಬಾಟಲಿ ಕ್ವಾಂಡಾಂಗ್ ಜಾಮು.
"ಈ ಸಲದ್ದು ಸ್ವಲ್ಪ ಜೋರಾಯ್ತು ಕಣಮ್ಮ,
ಬೆಳಗ್ಗೆ ಎಂಟಾದರೂ ಕಣ್ಣು ಬಿಡಲಾಗುವುದಿಲ್ಲ."

ಹೇಳಲೇಬೇಕಾದ ದಿನ. ಒಂದನ್ನು ಬಿಡಿಸಿ
ಅವರ ಅಂಗೈಗೆ ಉದುರಿಸಿದೆ. ನಾಲಿಗೆ ತಾಗಿಸಿದರು.
ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಅಂದುಕೊಂಡಿದ್ದೆ.
"ಹಾಗಾದರೆ ಜೂನಿನಲ್ಲಿ?
ಕೆವ್ ಬಂದು ಬಾಗಿಲಲ್ಲಿ ನಿಂತಿದ್ದನಲ್ಲ, ಆ ರಾತ್ರಿ?"
ಪುಸ್ತಕ ತೆರೆದು ನೋಡಿದೆ. ಎರಡು ಮಿಲಿಗ್ರಾಂ.
ಎರಡು ಮಿಲಿಗ್ರಾಂ ಯಾರನ್ನು ಒಳಗೆ ಬಿಡುತ್ತದೆ,
ಯಾರನ್ನು ಹೊರಗೇ ನಿಲ್ಲಿಸುತ್ತದೆ,
ಅದನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ.

ಹೊರಡುವಾಗ ಕೇಳಿದರು: ಖಾಲಿಯವು ನಾಲ್ಕು ಕೊಡು,
ಮಂಚದ ಪಕ್ಕದಲ್ಲಿರಲಿ.
ಚೀಟಿ ಅಂಟಿಸದೆ ಏನೂ ಈ ಕೋಣೆ ದಾಟುವಂತಿಲ್ಲ.
ಹೆಸರು ಬರೆದೆ, ತಾರೀಖು ಬರೆದೆ,
ಪ್ರಮಾಣದ ಮುಂದೆ ಏನೂ ಬರೆಯಲಿಲ್ಲ.
ಕೆಳಗೆ, ಸಣ್ಣಕ್ಷರದಲ್ಲಿ:
ಬಿಸಿಲಿಗಿಡಬೇಡಿ, ಬಿರಿಯುತ್ತವೆ.